ಉಸಿರಿನ ಪ್ರಶ್ನೆಯೂ ಜಾತಿಯ ಪ್ರಶ್ನೆಯೇ



ನಮ್ಮ ಕೇರಿಯ ಅಕ್ಕ ಒಬ್ಬರು ಪೌರಕಾರ್ಮಿಕರು. ಬೆಳಗಿನ ಜಾವ ಪೊರಕೆ ಹಿಡಿದು ಹೊರಟರೆ ಮಧ್ಯಾಹ್ನದ ತನಕ ರಸ್ತೆ ಧೂಳೇ ಅವರ ಗಾಳಿ. ರಾತ್ರಿ ಎದೆಯಲ್ಲಿ ಸೀಟಿ ಊದಿದಂಗೆ ಸದ್ದು, ಕೆಮ್ಮು, ಗೋಡೆಗೆ ಒರಗಿ ಕೂತೇ ನಿದ್ದೆ. ಅಸ್ತಮಾ ಅಂತ ಡಾಕ್ಟರು ಹೇಳಿ ಎರಡು ವರ್ಷ ಆಯ್ತು. ಮೊನ್ನೆ ಅವರ ಮಾತ್ರೆ ಚೀಲ ನೋಡಿದೆ. ಮಾಂಟೆಲುಕಾಸ್ಟ್ ಸ್ಟ್ರಿಪ್ ಇತ್ತು, ಇನ್‌ಹೇಲರ್ ಇರಲಿಲ್ಲ. ಕೇಳಿದ್ರೆ, "ಅದು ಪವರ್ ಜಾಸ್ತಿಯಂತಪ್ಪ, ಒಂದ್ಸಲ ಹಿಡಿದ್ರೆ ಬಿಡಕ್ಕಾಗಲ್ವಂತೆ" ಅಂದ್ರು.

ನಾನು ಡಾಕ್ಟರಲ್ಲ, ಗುಮಾಸ್ತ. ಆದರೆ ನಮ್ಮವರು ನುಂಗುವ ಮಾತ್ರೆ ಏನು ಮಾಡುತ್ತೆ ಅಂತ ನಮಗೆ ಗೊತ್ತಿರಬೇಕು.

ಅಸ್ತಮಾ ಅಂದ್ರೆ ಉಸಿರ್ನಾಳದ ಒಳಗಿನ ಉರಿಯೂತ. ಆಗ ಅಲ್ಲಿನ ಕೆಲವು ಜೀವಕೋಶಗಳು ಲ್ಯೂಕೋಟ್ರೈನ್ ಎಂಬ ರಾಸಾಯನಿಕ ಬಿಡುತ್ತವೆ. ಅದು ನಾಳದ ಸ್ನಾಯುವನ್ನು ಬಿಗಿ ಮಾಡುತ್ತೆ, ಒಳಗೋಡೆ ಊದಿಸುತ್ತೆ, ಕಫ ಹೆಚ್ಚಿಸುತ್ತೆ. ಲ್ಯೂಕೋಟ್ರೈನ್ ಹೋಗಿ ಕೂರುವ ಜಾಗವನ್ನು ಮಾಂಟೆಲುಕಾಸ್ಟ್ ಮೊದಲೇ ಹಿಡಿದುಕೊಂಡು ಬಿಡುತ್ತೆ. ಹಾಗಾಗಿ ಬಿಗಿತ, ಊತ ಸ್ವಲ್ಪ ಇಳಿಯುತ್ತೆ. ಮೂಗಿನ ಅಲರ್ಜಿ ಇರುವವರಿಗೂ ಅನುಕೂಲ. ಮಾತ್ರೆ ಸುಳ್ಳಲ್ಲ.

ಆದರೆ ಉರಿಯೂತಕ್ಕೆ ದಾರಿ ಹತ್ತಾರು. ಈ ಮಾತ್ರೆ ಮುಚ್ಚುವುದು ಒಂದನ್ನು. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್‌ಹೇಲರ್ ಹಲವು ದಾರಿಗಳನ್ನು ಒಟ್ಟಿಗೆ ತಣ್ಣಗಾಗಿಸುತ್ತೆ. ಅದಕ್ಕೇ ಅಸ್ತಮಾ ಚಿಕಿತ್ಸೆಯಲ್ಲಿ ಅದು ಮೊದಲು, ಮಾಂಟೆಲುಕಾಸ್ಟ್ ಆಮೇಲೆ. ಇನ್‌ಹೇಲರಿನ ಡೋಸು ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಮಾತ್ರೆ 10 ಮಿಲಿಗ್ರಾಂ, ರಕ್ತದಲ್ಲಿ ಮೈಯೆಲ್ಲಾ ಸುತ್ತುತ್ತೆ. "ಪವರ್ ಜಾಸ್ತಿ" ಅನ್ನೋ ಭಯ ತಲೆಕೆಳಗಾಗಿದೆ. 2020ರಲ್ಲಿ ಅಮೆರಿಕದ ಎಫ್‌ಡಿಎ ಮಾಂಟೆಲುಕಾಸ್ಟ್ ಮೇಲೇ ತನ್ನ ಅತಿ ಕಠಿಣ ಎಚ್ಚರಿಕೆ ಹಾಕಿಸಿತು: ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದು ಅಂತ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಉಸಿರು ಕಟ್ಟಿದಾಗ ಮಾತ್ರ ಈ ಮಾತ್ರೆ ನಂಬಿ ಕೂರಬೇಡಿ. ಆ ಹೊತ್ತಿಗೆ ಇದು ಕೆಲಸಕ್ಕೆ ಬರಲ್ಲ, ಆಸ್ಪತ್ರೆಗೆ ಓಡಿ.

ಹಾಗಾದ್ರೆ ಅಕ್ಕನ ಕೈಗೆ ಇನ್‌ಹೇಲರ್ ಯಾಕೆ ಬರಲಿಲ್ಲ? ಮಾತ್ರೆ ಬರೆಯಕ್ಕೆ ಒಂದು ನಿಮಿಷ ಸಾಕು. ಇನ್‌ಹೇಲರ್ ಎಳೆಯೋದು ಕಲಿಸಕ್ಕೆ ಹತ್ತು ನಿಮಿಷ ಎದುರಿಗೆ ಕೂರಬೇಕು. ಕಸ ಗುಡಿಸುವವರಿಗೆ ಆ ಹತ್ತು ನಿಮಿಷ ಕೊಡುವವರು ಯಾರು? 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಎರಡೂ ಇವೆ. ಪಟ್ಟಿಯಲ್ಲಿದ್ದರೆ ಸಾಲದು, ಕೇರಿ ಹತ್ತಿರದ ಆಸ್ಪತ್ರೆಯ ಕೌಂಟರಿನಲ್ಲಿ ಇರಬೇಕು.

ಇನ್ನೊಂದು ಮಾತು. ಯಾವ ಔಷಧವೂ ಧೂಳನ್ನು ಗುಡಿಸಲ್ಲ. ರಾತ್ರಿ ಉರಿಯೂತ ಇಳಿಸಿ, ಬೆಳಗ್ಗೆ ಅದೇ ಧೂಳಿಗೆ ಕಳಿಸಿದರೆ ಅದು ಅರ್ಧ ಚಿಕಿತ್ಸೆ. ಆ ಧೂಳಿನಲ್ಲಿ ನಿಂತಿರುವ ಹೆಚ್ಚಿನವರು ನಮ್ಮವರೇ ಅನ್ನೋದು ಆಕಸ್ಮಿಕ ಅಲ್ಲ.

ಪೌರಕಾರ್ಮಿಕರ ಆರೋಗ್ಯ ತಪಾಸಣೆ ಅಂದ್ರೆ ಬಿಪಿ, ಶುಗರ್ ಅಷ್ಟೇ ಅಲ್ಲ. ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆಯೂ ಆಗಲಿ. ಸ್ಟೀರಾಯ್ಡ್ ಇನ್‌ಹೇಲರ್ ವರ್ಷವಿಡೀ ಉಚಿತವಾಗಿ ಸಿಗಲಿ, ಕಲಿಸುವ ಒಬ್ಬರು ಇರಲಿ. ಧೂಳು ತಡೆಯುವ ಮಾಸ್ಕ್, ಗುಡಿಸುವ ಯಂತ್ರ ಕಾಗದದಿಂದ ಬೀದಿಗೆ ಇಳಿಯಲಿ.

1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನೀರಿನ ಹಕ್ಕು ಕೇಳಿದರು. ನಾವು ಗಾಳಿಯ ಹಕ್ಕು ಕೇಳೋಣ. ನಿಮ್ಮ ವಾರ್ಡಿನ ಸಭೆಯಲ್ಲಿ ಇದನ್ನು ಎತ್ತಿ.

ಜೈಭೀಮ್.