ಸಂಬಳ ಹೆಚ್ಚು, ರಕ್ಷಣೆ ಕಡಿಮೆ

ನಮ್ಮಕ್ಕ ಮತ್ತು ಅವಳ ಗೆಳತಿ ಬೆಂಗಳೂರಿನ ಒಂದೇ ಕಂಪನಿಯಲ್ಲಿ ಕೆಲಸಕ್ಕಿದ್ದರು. ಅಕ್ಕನ ಸಂಬಳ 22,500 ರೂಪಾಯಿ, ಗೆಳತಿಯದು 19,000. ಕಳೆದ ವರ್ಷ ಇಬ್ಬರೂ ಗರ್ಭಿಣಿಯರಾದರು. ಗೆಳತಿಯ ತಪಾಸಣೆ, ಸ್ಕ್ಯಾನಿಂಗ್, ಹೆರಿಗೆ ಎಲ್ಲವೂ ಇಎಸ್‌ಐ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ಮುಗಿದವು. ಅಕ್ಕನಿಗೆ ಖಾಸಗಿ ಆಸ್ಪತ್ರೆಯವರು ಹೇಳಿದ ಸಿಸೇರಿಯನ್ ಖರ್ಚು ಕೇಳಿ ಅಪ್ಪ ಆ ರಾತ್ರಿ ನಿದ್ದೆ ಮಾಡಲಿಲ್ಲ.

ವ್ಯತ್ಯಾಸ ಇದ್ದದ್ದು ಒಂದು ಗೆರೆಯಲ್ಲಿ. ಇಎಸ್‌ಐಗೆ ಸೇರಲು ತಿಂಗಳ ಸಂಬಳ 21,000 ರೂಪಾಯಿ ಮೀರಿರಬಾರದು. 2017ರಲ್ಲಿ ನಿಗದಿಯಾದ ಮಿತಿ ಇದು. ಸದಸ್ಯರ ಪಾಲು ಸಂಬಳದ ಶೇ 0.75, ಕಂಪನಿಯದು ಶೇ 3.25. ಗೆಳತಿ ತಿಂಗಳಿಗೆ ಕಟ್ಟುತ್ತಿದ್ದದ್ದು 143 ರೂಪಾಯಿ. ಅದಕ್ಕೆ ಪ್ರತಿಯಾಗಿ ಚಿಕಿತ್ಸೆಯೂ ಸಿಕ್ಕಿತು, 26 ವಾರಗಳ ಹೆರಿಗೆ ಭತ್ಯೆಯೂ ಸಿಕ್ಕಿತು. ಭತ್ಯೆಗೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನಗಳ ವಂತಿಗೆ ಇರಬೇಕು, ಅಷ್ಟೆ.

ಗೆರೆಯಿಂದ 1,500 ರೂಪಾಯಿ ಆಚೆಗಿದ್ದ ಅಕ್ಕನಿಗೂ 26 ವಾರಗಳ ಸಂಬಳಸಹಿತ ರಜೆ ಇತ್ತು. ಆದರೆ ಆಸ್ಪತ್ರೆ ಖರ್ಚಿಗೆ ಕಾನೂನು ಕೊಡಿಸುವುದು 3,500 ರೂಪಾಯಿ ವೈದ್ಯಕೀಯ ಬೋನಸ್ ಮಾತ್ರ. ಕಂಪನಿಯಲ್ಲಿ ಗುಂಪು ವಿಮೆ ಇರಲಿಲ್ಲ. ಸ್ವಂತವಾಗಿ ವಿಮೆ ಮಾಡಿಸೋಣವೆಂದರೆ, ಹೆರಿಗೆ ಖರ್ಚು ಕೊಡುವ ಪಾಲಿಸಿಗಳಿಗೆ ಕಾಯುವ ಅವಧಿ ಇರುತ್ತದೆ. ಹೊಟ್ಟೆಯಲ್ಲಿರುವ ಮಗು ಅಲ್ಲಿಯವರೆಗೆ ಕಾಯುತ್ತದೆಯೇ?

ಕೊನೆಗೆ ದಾರಿ ತೋರಿಸಿದವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಎಲ್ಲವೂ ಉಚಿತ. ಇಲ್ಲಿ ಸಂಬಳದ ಗೆರೆ ಇಲ್ಲ, ಬಿಪಿಎಲ್ ಕಾರ್ಡೂ ಬೇಕಿಲ್ಲ. ಅಕ್ಕ ತಾಯಿ ಕಾರ್ಡ್ ಮಾಡಿಸಿಕೊಂಡಳು. ಜಿಲ್ಲಾ ಆಸ್ಪತ್ರೆಯಲ್ಲಿ ಜನಜಂಗುಳಿ ಇತ್ತು, ಕಾಯಬೇಕಾಯಿತು. ಆದರೂ ತಾಯಿ, ಮಗು ಸಾಲವಿಲ್ಲದೆ ಮನೆಗೆ ಬಂದರು.

ಬಡವರಿಗೆ ಮೊದಲ ಆದ್ಯತೆ ಸಿಗಬೇಕು, ಸರಿ. ಆದರೆ 21,000ಕ್ಕೆ ಪೂರ್ತಿ ರಕ್ಷಣೆ, 21,001ಕ್ಕೆ ಏನೂ ಇಲ್ಲ ಎನ್ನುವುದು ಯಾವ ಲೆಕ್ಕ? ಮೆಟ್ಟಿಲಿರಬೇಕಾದ ಕಡೆ ಪ್ರಪಾತವಿದೆ. ಮಿತಿ ದಾಟಿದವರೂ ಸ್ವಲ್ಪ ಹೆಚ್ಚು ವಂತಿಗೆ ಕಟ್ಟಿ ಇಎಸ್‌ಐನಲ್ಲಿ ಮುಂದುವರಿಯುವಂತಿದ್ದರೆ ಅಕ್ಕನಂಥವರು ಸಂತೋಷದಿಂದ ಕಟ್ಟುತ್ತಿದ್ದರು.

ಮುಂದಿನ ವರ್ಷ ನಮ್ಮ ಬ್ಯಾಚ್‌ಗೆ ಕ್ಯಾಂಪಸ್ ಸಂದರ್ಶನ. ಪ್ಯಾಕೇಜ್ ಎಷ್ಟು, ಬಾಂಡ್ ಇದೆಯೇ, ಯಾವ ಊರು ಎಂದು ಎಲ್ಲರೂ ಕೇಳುತ್ತೇವೆ. ಇಎಸ್‌ಐ ಇದೆಯೇ, ಇಲ್ಲದಿದ್ದರೆ ಗುಂಪು ವಿಮೆಯಲ್ಲಿ ಹೆರಿಗೆ ಖರ್ಚು ಸೇರಿದೆಯೇ ಎಂದೂ ಕೇಳೋಣ. ಇದು ಹುಡುಗಿಯರ ಪ್ರಶ್ನೆ ಮಾತ್ರವಲ್ಲ. ಇಎಸ್‌ಐ ಸದಸ್ಯನ ಹೆಂಡತಿಗೂ ಹೆರಿಗೆ ಚಿಕಿತ್ಸೆ ಸಿಗುತ್ತದೆ. ಹಾಗಾಗಿ ಗೆಳೆಯರೇ, ನೀವೂ ಕೇಳಿ.