ನೀರು ಬಂದ ಮೇಲೆ ಋಣ ಮರೆತರೆ

ವಿಜಯಪುರ ಜಿಲ್ಲೆಯ ಡೋಣಿ ನದಿ ದಂಡೆಯ ತಗ್ಗಿನ ಹೊಲಗಳಲ್ಲಿ ಬೇಸಿಗೆ ಬಂತೆಂದರೆ ಎರಿಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಕಾಲಿಟ್ಟರೆ ಮೇಲ್ಪದರ ಪುಡಿಪುಡಿ, ಅದರ ಕೆಳಗೆ ಹಸಿ. ಅಂಥಲ್ಲಿ ಬಿತ್ತಿದ ಜೋಳ ಮೊಳಕೆಯಲ್ಲೇ ಕಮರುತ್ತದೆ. ರೈತರು ಇದಕ್ಕೆ ಸವಳು ಎನ್ನುತ್ತಾರೆ. ಡೋಣಿಯ ಉಪ್ಪು ಇವತ್ತಿನದಲ್ಲ. ಆದರೆ ಏತ ನೀರಾವರಿಯ ನೀರು ಕಾಣುತ್ತಿರುವ ಮನಗೂಳಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ಹೊಲಗಳಿಗೂ ಅದು ಕಾಲಿಡುವ ಮೊದಲೇ ಎಚ್ಚರಿಸುವುದು ಒಳ್ಳೆಯದು. ಬರವನ್ನು ಹಲ್ಲು ಕಚ್ಚಿ ಗೆದ್ದ ಈ ಸೀಮೆ, ನೀರು ಬಂದ ಮೇಲೆ ಉಪಕಾರ ಸ್ಮರಣೆ ಮತ್ತು ತಾಳಿಕೆ ಎರಡನ್ನೂ ಕಳೆದುಕೊಳ್ಳುವ ಲಕ್ಷಣ ತೋರುತ್ತಿದೆ.

ನೀರು ಬಂದದ್ದು ಸುಲಭಕ್ಕಲ್ಲ. ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸುವಾಗ 2006ರ ಆಗಸ್ಟ್ ಬಂದಿತ್ತು. ಈ 42 ವರ್ಷಗಳಲ್ಲಿ ಕೃಷ್ಣೆಯ ದಂಡೆಯ ಊರುಗಳು ಮನೆ, ಹೊಲ, ಗುಡಿ, ಗೋರಿ ಬಿಟ್ಟು ಪುನರ್ವಸತಿ ಕೇಂದ್ರ ಸೇರಿದವು. ಸಿಂದಗಿಯ ಎಂ.ಸಿ. ಮನಗೂಳಿಯವರು ಗುತ್ತಿ ಬಸವಣ್ಣ ಏತ ನೀರಾವರಿ ಆಗುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ಪಣ ತೊಟ್ಟು ಬರಿಗಾಲಲ್ಲಿ ತಿರುಗಿದರು. 1994ರಲ್ಲಿ ಶಾಸಕರಾದವರು ಮತ್ತೆ ಗೆದ್ದದ್ದು 2018ರಲ್ಲಿ. ನಡುವೆ ಸೋಲು ಉಂಡರೂ ಊರು ಬಿಡಲಿಲ್ಲ, ನೀರಿನ ಮಾತು ಬಿಡಲಿಲ್ಲ. ತಾಳಿಕೆ ಎಂದರೆ ಇಂಥದ್ದು.

ಇವತ್ತು ಏನಾಗುತ್ತಿದೆ? ಕೆರೆಗೆ ನೀರು ಬಂದರೆ ಬಾಗಿನ ಬಿಡುವವರಿಗಿಂತ ಮೊದಲು ಫ್ಲೆಕ್ಸ್ ಬರುತ್ತದೆ. ‘ನೀರು ತಂದವರು ನಾವು’ ಎಂದು ಮೂರು ಪಕ್ಷದವರೂ ಹೇಳುತ್ತಾರೆ. ‘ಊರು ಕೊಟ್ಟವರು ಅವರು’ ಎನ್ನುವ ಮಾತು ಯಾವ ವೇದಿಕೆಯಲ್ಲೂ ಕೇಳಿಬರುವುದಿಲ್ಲ. ಆಲಮಟ್ಟಿಯ ಎತ್ತರ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನೂ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗುತ್ತದೆ. ಹಿಂದೆ ಕೊಟ್ಟವರ ಋಣ ನೆನೆಯದ ಊರಿಗೆ, ಮುಂದೆ ಕೊಡುವವರ ಮುಖ ನೋಡುವ ಧೈರ್ಯ ಎಲ್ಲಿಂದ ಬಂದೀತು?

ತಾಳಿಕೆಯ ಕಥೆಯೂ ಹೀಗೇ. ಹಿಂದಿನವರು ನೆಲ ತೋಡಿ ಹಗೇವು ಮಾಡುತ್ತಿದ್ದರು. ಬಾಯಿ ಕಿರಿದು, ಒಡಲು ಅಗಲ. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗಲಿ ಎಂದು ಕಾಯುತ್ತಿದ್ದರು. ಸುಗ್ಗಿ ಚೆನ್ನಾದ ವರ್ಷವೇ ಬರದ ವರ್ಷದ ಲೆಕ್ಕ ಹಾಕುವ ಜಾಣತನ ಅದು. ಹಗೇವು ಮುಚ್ಚಿಹೋದದ್ದಕ್ಕೆ ಚಿಂತೆಯಿಲ್ಲ, ಆ ಲೆಕ್ಕ ಮರೆತುಹೋಗುತ್ತಿರುವುದೇ ಚಿಂತೆ. ಹಿಂಗಾರಿ ಬಿಳಿಜೋಳ, ಕಡಲೆ ಬಿಟ್ಟು ನೀರು ಕಂಡಲ್ಲೆಲ್ಲ ಕಬ್ಬು ಹಾಕಿದರೆ, ಮಳೆ ಕೈಕೊಟ್ಟ ವರ್ಷ ಮನೆಯಲ್ಲಿ ಕಾಳೂ ಇರುವುದಿಲ್ಲ, ದನಕ್ಕೆ ಕಣಿಕೆಯೂ ಇರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದದ್ದನ್ನು ಇಷ್ಟು ಬೇಗ ಮರೆಯಬಾರದು.

ಹೀಗೆ ಹೋಗುವುದು ಕಾಳಷ್ಟೇ ಅಲ್ಲ, ನೆಲವೂ ಹೌದು. ಎರಿಭೂಮಿಗೆ ನೀರು ಹಿಡಿದಿಟ್ಟುಕೊಳ್ಳುವ ಗುಣವಿದೆ, ಬಸಿಯುವ ಗುಣ ಕಡಿಮೆ. ಮೇಲಿಂದ ಮೇಲೆ ನೀರು ಬಿಟ್ಟರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ, ಆಳದ ಲವಣವನ್ನೂ ಹೊತ್ತು ತರುತ್ತದೆ. ಬಿಸಿಲಿಗೆ ನೀರು ಆರಿದಾಗ ಉಪ್ಪು ಮಾತ್ರ ಉಳಿಯುತ್ತದೆ. ಮೊದಲು ನೀರು ನಿಂತು ಜವಳು, ಆಮೇಲೆ ಉಪ್ಪೇರಿ ಸವಳು. ಒಮ್ಮೆ ಕೆಟ್ಟ ನೆಲವನ್ನು ರಿಪೇರಿ ಮಾಡಲು ವರ್ಷಗಳು ಬೇಕು, ಖರ್ಚು ಸಣ್ಣ ರೈತನ ಕೈಗೆ ಎಟುಕುವಂಥದ್ದಲ್ಲ.

ಎಳ್ಳಮವಾಸ್ಯೆಗೆ ನಾವು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ನಮ್ಮ ಊಟಕ್ಕಿಂತ ಮೊದಲು ಭೂಮಿತಾಯಿಗೆ ಚರಗ ಚೆಲ್ಲುತ್ತೇವೆ. ಮರುದಿನ ರಾತ್ರಿ ಅದೇ ಹೊಲಕ್ಕೆ ಮೋಟಾರ್ ಹಚ್ಚಿ ಮಲಗಿಬಿಡುತ್ತೇವೆ. ಚರಗ ಚೆಲ್ಲಿದ ಕೈಯೇ ಮಡೆಯನ್ನೂ ಹೊತ್ತಿಗೆ ಸರಿಯಾಗಿ ಕಟ್ಟಬೇಕು. ಇಲ್ಲದಿದ್ದರೆ ಹಬ್ಬದ ಪೂಜೆಗೆ ಅರ್ಥ ಉಳಿಯುವುದಿಲ್ಲ.

ಉಪಕಾರ ಸ್ಮರಣೆಗೆ ನಾಯಕರು ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದಲೇ ಒಲ್ಲೆ ಎಂದರು. 2014ರ ಗುರುಪೂರ್ಣಿಮೆಯಂದು ಬರೆದಿಟ್ಟ ತಮ್ಮ ಕೊನೆಯ ಪತ್ರವನ್ನು ‘ಅಭಿವಂದನ ಪತ್ರ’ ಎಂದೇ ಕರೆದರು. ದೇಹವನ್ನು ಅಗ್ನಿಗೆ ಒಪ್ಪಿಸಿ, ಭಸ್ಮವನ್ನು ನೀರಿಗೆ ಬಿಡಿ, ಸ್ಮಾರಕ ಬೇಡ ಎಂಬುದು ಅವರ ಇಚ್ಛೆಯಾಗಿತ್ತು. ಊರೂರಿಗೆ ಮಾತಿನ ಬೆಳಕು ಕೊಟ್ಟವರು ಹೋಗುವಾಗ ತಾವೇ ಧನ್ಯವಾದ ಹೇಳಿ ಹೋದರು. ಬಸವಣ್ಣ ಹುಟ್ಟಿದ ನೆಲದಲ್ಲಿ ದಾಸೋಹಕ್ಕೂ ಇದೇ ಅರ್ಥ: ಸಮಾಜದಿಂದ ಪಡೆದದ್ದನ್ನು ಸಮಾಜಕ್ಕೆ ತಿರುಗಿ ಸಲ್ಲಿಸುವುದು.

ಈಗ ಆಗಬೇಕಾದದ್ದು ಇಷ್ಟು. ಹೊಸ ಕಾಲುವೆ ತೋಡುವ ಟೆಂಡರಿನಲ್ಲೇ ಬಸಿಗಾಲುವೆಯೂ ಸೇರಬೇಕು. ನೀರು ಬಳಕೆದಾರರ ಸಂಘಗಳು ಕಾಗದದ ಮೇಲಿಂದ ಎದ್ದು ಬಂದು ಸರದಿ ಪ್ರಕಾರ ನೀರು ಹಂಚಬೇಕು, ಕಾಲುವೆಯ ತುದಿಯ ರೈತನಿಗೂ ಪಾಲು ಮುಟ್ಟಬೇಕು. ನೀರಾವರಿ ಕಂಡ ಪ್ರತಿ ಊರಿನಲ್ಲಿ ವರ್ಷಕ್ಕೊಮ್ಮೆ ಮಣ್ಣಿನ ಲವಣಾಂಶ ಪರೀಕ್ಷೆಯಾಗಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಬೇಕು. ಒಂದಿಷ್ಟು ಹೊಲ ಜೋಳಕ್ಕೇ ಮೀಸಲಿರಲಿ. ಇನ್ನು ಶಾಸಕರು, ಸಚಿವರು: ಬಾಗಿನ ಬಿಡುವ ದಿನ ಮುಳುಗಡೆಯಾದವರನ್ನು ವೇದಿಕೆಗೆ ಕರೆಯಿರಿ, ಅವರ ಬಾಕಿ ಪರಿಹಾರದ ಪಟ್ಟಿಯನ್ನು ಅಲ್ಲಿಯೇ ಓದಿ, ಯಾವ ತಿಂಗಳಲ್ಲಿ ಕೊಡುತ್ತೀರಿ ಎಂದು ಹೇಳಿ. ಅಷ್ಟಾದ ಮೇಲೆ ಹಾರ ಹಾಕಿಸಿಕೊಂಡರೆ ನಮ್ಮ ತಕರಾರಿಲ್ಲ.