ದೂರವೆಷ್ಟು? ಹೊತ್ತೆಷ್ಟು?

ಬೀದರ ಜಿಲ್ಲೆಯ ಔರಾದ ಸೀಮೆಯ ಡಾಬಕಾದಲ್ಲಿ ತಾಯಿ, ಅಮೆರಿಕೆಯ ಸಾನ್ ಫ್ರಾನ್ಸಿಸ್ಕೋದಲ್ಲಿ ಮಗ. ಇಂಥ ಸಂಸಾರವನ್ನು ಕಲ್ಪಿಸಿಕೊಳ್ಳುವುದು ಇಂದಿನ ವಾಚಕರಿಗೆ ಕಷ್ಟವೇನಲ್ಲ. ಫೋನಿನಲ್ಲಿ ತಾಯಿ ಕೇಳುವುದು ಒಂದೇ ಮಾತು: “ಬರ್ಲಾಕ ಎಷ್ಟೊತ್ತು ಹಿಡೀತದಪ್ಪಾ?” ಮಗ ಕಿಲೋಮೀಟರುಗಳ ಲೆಕ್ಕ ಹೇಳುತ್ತಾನೆ. ಅವಳು ಕೇಳಿದ್ದು ಹೊತ್ತಿನ ಲೆಕ್ಕ.

ಮೊದಲು ದೂರವನ್ನೇ ನೋಡೋಣ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಸಾನ್ ಫ್ರಾನ್ಸಿಸ್ಕೋದ ನಿಲ್ದಾಣಕ್ಕೆ ಸುಮಾರು ೧೪,೦೦೦ ಕಿಲೋಮೀಟರು. ಗೋಡೆಯ ಮೇಲಿನ ಭೂಪಟವನ್ನು ನಂಬಿದವರಿಗೆ ದಾರಿಯು ಪೂರ್ವದ ಇಲ್ಲವೆ ಪಶ್ಚಿಮದ ಸಾಗರವನ್ನು ದಾಟುತ್ತದೆಂದು ತೋರುವುದು ಸಹಜ. ಆದರೆ ಮೇಜಿನ ಮೇಲಿನ ಭೂಗೋಳಕ್ಕೆ ಎರಡು ಊರುಗಳ ನಡುವೆ ದಾರವನ್ನು ಬಿಗಿದು ಹಿಡಿದರೆ, ಅದು ಉತ್ತರಕ್ಕೆ ಏರಿ ಧ್ರುವದ ಸಮೀಪದಲ್ಲಿ ಹಾಯುತ್ತದೆ. ಅಮೆರಿಕೆಯ ಆ ಊರು ಗೋಳದ ಹೆಚ್ಚುಕಡಿಮೆ ಮತ್ತೊಂದು ಮಗ್ಗುಲಿನಲ್ಲಿರುವುದೇ ಇದಕ್ಕೆ ಕಾರಣ.

ಇಲ್ಲೊಂದು ಸ್ವಾರಸ್ಯವುಂಟು. ಬೀದರ ಸೀಮೆಯು ಬೆಂಗಳೂರಿನ ರೇಖಾಂಶದ ಸನಿಹದಲ್ಲೇ, ಸುಮಾರು ಐದು ಡಿಗ್ರಿ ಉತ್ತರಕ್ಕಿದೆ. ಆದುದರಿಂದ ಬೆಂಗಳೂರಿಗಿಂತ ಡಾಬಕಾವೇ ಮಗನಿಗೆ ಸುಮಾರು ೫೦೦ ಕಿಲೋಮೀಟರು ಹತ್ತಿರ! ಆದರೂ ಬೆಂಗಳೂರಿನ ನೇರ ವಿಮಾನವನ್ನು ಹಿಡಿದವನು ತಾಯಿಯ ಊರಿಗಿಂತ ಕೆಳಗೆ ದಕ್ಷಿಣಕ್ಕೆ ಸಾಗಿ, ಅಲ್ಲಿಂದ ಮತ್ತೆ ಉತ್ತರಕ್ಕೆ ಹಿಂತಿರುಗಬೇಕಾಗುತ್ತದೆ.

ಇನ್ನು ಹೊತ್ತು. ಗಂಟೆಗೆ ೯೦೦ ಕಿಲೋಮೀಟರಿನಂತೆ ಭಾಗಿಸಿದರೆ ಹದಿನೈದೂವರೆ ಗಂಟೆ ಸಾಕು. ಆದರೆ ೨೦೨೧ರ ಜನವರಿ ೯ರ ರಾತ್ರಿ ಸಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನಕ್ಕೆ ಸುಮಾರು ೧೭ ಗಂಟೆ ಹಿಡಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಪೈಲಟರು, ಎಲ್ಲರೂ ಸ್ತ್ರೀಯರೇ, ಉತ್ತರ ಧ್ರುವದ ಮೇಲೆ ಅದನ್ನು ನಡೆಸಿ ತಂದರು. ಹೊರಟದ್ದು ಶನಿವಾರ; ಬೆಂಗಳೂರಿಗೆ ಇಳಿದದ್ದು ಸೋಮವಾರದ ನಸುಕಿನಲ್ಲಿ. ನಡುವಣ ಭಾನುವಾರವೆಲ್ಲಿ ಹೋಯಿತು? ಚಳಿಗಾಲದಲ್ಲಿ ನಮ್ಮ ಗಡಿಯಾರವು ಆ ಊರಿನದಕ್ಕಿಂತ ಹದಿಮೂರೂವರೆ ಗಂಟೆ ಮುಂದು. ಭಾನುವಾರದಲ್ಲಿ ಗಡಿಯಾರ ನುಂಗಿದ್ದು ಕೊಂಚ, ಆಕಾಶ ನುಂಗಿದ್ದು ಉಳಿದದ್ದು.

ದೂರವು ಬದಲಾಗದು, ಹೊತ್ತು ಬದಲಾಗುತ್ತದೆ. ಎದುರುಗಾಳಿ ಬೀಸಿದರೆ ವಿಳಂಬ. ದೇಶವೊಂದು ತನ್ನ ಆಕಾಶವನ್ನು ಮುಚ್ಚಿದರೂ ವಿಳಂಬ. ೨೦೨೫ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಹಾಗೆ ಮಾಡಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತದ ಎಷ್ಟೋ ವಿಮಾನಗಳು ಸುತ್ತುದಾರಿ ಹಿಡಿದವು. ನೇರ ವಿಮಾನಗಳಾದರೂ ಇಂದು ಇದ್ದು ನಾಳೆ ನಿಲ್ಲುವಂಥವು.

ಹಾರಾಟದ ೧೭ ಗಂಟೆಗೆ ನಿಲ್ದಾಣದಲ್ಲಿ ಕಾಯುವ ಹೊತ್ತು, ಬೀದರಕ್ಕೆ ರಾತ್ರಿಯಿಡೀ ರೈಲು, ಅಲ್ಲಿಂದ ಬಸ್ಸು ಇಷ್ಟನ್ನೂ ಕೂಡಿಸಿದರೆ ಎರಡು ದಿನಕ್ಕೆ ಬರುತ್ತದೆ. ತಾಯಿಗೆ ಜ್ವರವೆಂದು ಬುಧವಾರ ಸುದ್ದಿ ಮುಟ್ಟಿ, ಆ ಕ್ಷಣದಲ್ಲೇ ಹೊರಟರೂ, ಮಗನು ಹೊಸ್ತಿಲು ತುಳಿಯುವುದು ಶುಕ್ರವಾರ. ಕಿಲೋಮೀಟರುಗಳನ್ನು ಹೇಳುವ ಬದಲು ಅವನು ತಾಯಿಗೆ “ಎರಡು ದಿನ, ಅವ್ವಾ” ಎಂದುಬಿಡುವುದು ಮೇಲು. ಆ ಎರಡು ದಿನ ಯಾರು ಅವಳ ಬಳಿ ಇರುವರೆಂಬುದನ್ನು ಜ್ವರ ಬರುವ ಮುನ್ನವೇ ಗೊತ್ತುಮಾಡಿಡುವುದು ಇನ್ನೂ ಮೇಲು.